ಹಕ್ಕುಗಳ ಪುಟದಲ್ಲೊಂದು ವಿಳಾಸ

ಮುದ್ರಣಾಲಯದ ಬೆಂಚಿನ ಮೇಲೆ ಸರದಿಗೆ ಕಾದು ಕುಳಿತಿದ್ದೆ. ನನಗಿಂತ ಮುಂದಿದ್ದ ವೃದ್ಧೆ ತಮ್ಮ ಅಕ್ಕ ಬರೆದ ಕತೆಗಳನ್ನು ಪುಸ್ತಕ ಮಾಡಿಸುತ್ತಿದ್ದರು.

“ಹಕ್ಕುಗಳು ಅಂತ ಯಾರ ಹೆಸರು ಹಾಕ್ಲಿ, ತಾಯಿ?” ಎಂದ ಮುದ್ರಕ.

“ಅಕ್ಕಂದೇ. ಬರೆದವಳು ಅವಳಲ್ವೇನಪ್ಪಾ.”

“ಹಂಗಾದ್ರೆ ಅವರ ಒಪ್ಪಿಗೆ ಬೇಕಲ್ಲ.”

“ಮುನಿಸ್ಕೊಂಡು ಮನೆ ಬಿಟ್ಟವಳು. ಎಲ್ಲಿದ್ದಾಳೋ, ದೇವರೇ ಬಲ್ಲ.”

“ಅನುಮತಿಗೆ ಸಂಪರ್ಕಿಸಿ ಅಂತ ನಿಮ್ಮ ಫೋನ್ ನಂಬರ್ ಹಾಕ್ಲಾ?”

“ಮನೆ ವಿಳಾಸ ಹಾಕು. ಅವಳು ಬಿಟ್ಟು ಹೋದ ಮನೇಲೇ ಇದ್ದೀನಿ.”

“ಕೇಳ್ದೆ ಅಚ್ಚು ಹಾಕ್ಸಿದ್ರಿ ಅಂತ ಜಗಳಕ್ಕೆ ಬಂದ್ರೆ? ಕೋರ್ಟಿಗೂ ಎಳೀಬಹುದು.”

“ಎಳೀಲಿ. ಚಿಕ್ಕಂದಿನಲ್ಲಿ ಅವಳ ಬಳಪ ಮುಟ್ಟಿದ್ರೂ ಜಡೆ ಹಿಡಿದು ಜಗ್ಗೋಳು. ಈಗ್ಲೂ ಬಂದು ಜಗ್ಗಲಿ ಅಂತಾನೇ ಅಚ್ಚು ಹಾಕಿಸ್ತಿರೋದು.”

ಮುದ್ರಕ ವಿಳಾಸ ಬರೆದುಕೊಂಡ. ಆಕೆ ಕೈಚೀಲ ಎತ್ತಿಕೊಂಡು ಬಾಗಿಲವರೆಗೆ ಹೋಗಿ, ತಿರುಗಿ ನಿಂತರು.

“ಆ ಪುಟದ ಅಕ್ಷರ ಒಂಚೂರು ದಪ್ಪ ಇರ್ಲಪ್ಪಾ. ಅವಳಿಗೂ ಈಗ ಕಣ್ಣು ಮಂಜಾಗಿರುತ್ತೆ.”