ಮುತ್ಯಾಲಿಗೆ ಹೇನಿನ ಮದ್ದು

ಹೇನಾ? ನಮ್ಮ ಮುತ್ಯಾಲಿಗೆ ಹೇನಾ?... ಏ ಡಾಕ್ಟ್ರಮ್ಮ, ಬಾಯಿ ತೊಳಕೊಂಡು ಮಾತಾಡು! ಈ ಹೂವಮ್ಮನ ಬಿಳಿ ಕುದುರಿ ಅಂದ್ರ ಆದೋನಿಯಿಂದ ಪತ್ತಿಕೊಂಡದ ತನಕ ಹೆಸರೈತಿ. ಎಷ್ಟು ಮದುಮಕ್ಕಳನ್ನ ಹೊತ್ತಾಳ ಈಕಿ! ನಿನ್ನ ಗಂಡನ್ನೂ ಹೊತ್ತಾಳ, ಮರತಿ ಏನು? ಎಮ್ಮಿಗನೂರಾಗ. ಹತ್ತಾಕ ಹೆದರಿ ಕಾಲು ನೋವು ಅಂದಿದ್ದ. ಕುದುರಿ ಕಂಡ್ರ ಕಾಲು ನೋವು ಅಂತ ಊರೆಲ್ಲಾ ನಕ್ಕಿತ್ತು... ಹಾಂ, ನೀನೂ ನಗ್ತಿ ಈಗ. ನಗು, ನಗು.

ಸಾಕು. ಕುದುರಿ ನೋಡು, ನನ್ನ ಮುಖದಾಗ ಏನೈತಿ? ಮುಂಜಾನಿಂದ ಹಿಂಗ ನಿಂತಾಳ. ಜೊಲ್ಲು ಸುರೀತೈತಿ, ತೊಡಿ ಅದರ್ತಾವ, ಲದ್ದಿ ನೀರು ನೀರು. ಬಾಜು ಮನಿ ಹೊನ್ನೂರಪ್ಪ ನಿನಗ ಫೋನ್ ಮಾಡಿದ್ದು, ನಾ ಅಲ್ಲ. ಬಂದಿ, ಛಲೋ ಆತು. ಸೂಜಿ ಹಾಕು.

ಏನು ಹಚ್ಚೀನಿ ಅಂದ್ರ?... ಏನೂ ಹಚ್ಚಿಲ್ಲ. ಬೇವಿನೆಣ್ಣಿ. ಅರಿಷಿಣ. ಅಷ್ಟ! ತಡಿ, ಉಗುಳಿ ಬರ್ತೀನಿ... ಥೂ. ಎಲಿ ಅಡಕಿ ಹಾಕ್ಕೊಂಡಿಲ್ಲ, ಏನೂ ಇಲ್ಲ, ಸುಮ್ನ ಬಾಯಾಗ ನೀರು ತುಂಬತಾವ.

ವಾಸನಿನಾ? ಪಕ್ಕದ ಹೊಲದ್ದು. ಹತ್ತಿಗೆ ಮದ್ದು ಹೊಡದಾರ, ಗಾಳಿಗೆ ಬಂದಿರಬೇಕು... ಹತ್ತಿ ಬಿಡಿಸಿ ಆತಾ? ಹೊಲ ಖಾಲಿ ಐತಾ?... ನೀ ಡಾಕ್ಟ್ರೋ, ಪೊಲೀಸೋ?

ಯಾಕ ಸೂಜಿ ಕೆಳಗಿಟ್ಟಿ? ಹಾಕು ಅಂದ್ನಲ್ಲ! ಏನು ಹಚ್ಚಿದ್ದು ಅಂತ ಗೊತ್ತಾಗದ ಹಾಕಾಕ ಬರಂಗಿಲ್ಲಾ?... ತಪ್ಪು ಸೂಜಿ ಬಿದ್ರ?... ಸಾಯ್ತಾಳ?

ಹಂಗನ್ನಬ್ಯಾಡ. ಹಂಗನ್ನಬ್ಯಾಡ ಆಕಿ ಮುಂದ, ಕಿವಿ ಕೇಳಸ್ತಾವ ಆಕೀಗೆ.

...ಐತಿ. ಹೂಂ, ಹೇನು ಐತಿ! ಪುಷ್ಯಮಾಸದಾಗ ಮದುವಿ ಇಲ್ಲ, ಕೆಲಸ ಇಲ್ಲ. ಥಂಡಿ ಅಂತ ಹಳೇ ಕಂಬಳಿ ಹೊದಿಸಿದೆ. ಆಕಿ ಕೂದಲು ಉದ್ದ ಬೆಳದಿತ್ತು. ಕಂಬಳಿ ತಗದು ನೋಡ್ತೀನಿ, ಕುತ್ತಿಗಿ ಜೂಲಿನ ಬುಡಕ್ಕ ಬಿಜಬಿಜ ಬಿಜಬಿಜ! ಗ್ವಾಡಿಗೆ ತಿಕ್ಕಿ ತಿಕ್ಕಿ ತೊಗಲು ಕಿತ್ತಕೊಂಡಿದ್ಲು. ನಾ ಅತ್ತೆ, ಗೊತ್ತೇನು?

ನಿನ್ನ ಹೇನಿನ ಪುಡಿ ಗೊತ್ತು ಬಿಡು. ಇವತ್ತು ಹಚ್ಚಿ, ಹದಿನಾಕು ದಿನಕ್ಕ ಮತ್ತ ಹಚ್ಚಬೇಕು. ಸೀರು ಒಡದು ಮರಿ ಬರ್ತಾವ, ಅದಕ್ಕ. ಕಂಬಳಿ ಕುದಸಬೇಕು. ಹದಿನಾಕು ದಿನ! ಗುರುವಾರ ಮಾಘದ ಮೊದಲನೇ ಮದುವಿ, ನಮ್ಮ ಓಣಿ ಹುಡುಗ ಸೋಮೇಶಂದು. ಹೇನಿನ ಕುದುರಿ ಮ್ಯಾಲ ಯಾರು ಮಗನ್ನ ಕುಂದರಸ್ತಾರ? ನಿನ್ನ ಕರದ್ರ ಓಣಿಗೆಲ್ಲಾ ಗೊತ್ತಾಗ್ತಿತ್ತು. ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು.

ಅದಕ್ಕ ಪೆದ್ದಹರಿವಾಣಕ್ಕ ಹೋದೆ. ಅಲ್ಲಿ ನನ್ನ ಮುಖ ಯಾರೂ ಅರೀರು. ಮದ್ದಿನ ಅಂಗಡ್ಯಾವಗ "ಪೇನ್ಲ ಮಂದು ಇವ್ವಯ್ಯಾ" ಅಂದೆ, ಹೇನಿನ ಮದ್ದು ಕೊಡು ಅಂತ. ಆತ ಕೇಳಿದ, "ಏ ಪಂಟಕಮ್ಮಾ?"

ಯಾವ ಬೆಳೀಗೆ ಅಂತ! ತೆಲುಗಿನಾಗ ತಲ್ಯಾಗಿಂದೂ ಪೇನು, ಹತ್ತಿಗಿಡ ಹೀರೋ ಹುಳಾನೂ ಪೇನು. ಆತ ಹುಳದ ಮದ್ದು ಅಂತ ತಿಳಕೊಂಡ.

ಮತ್ತ ನಾ ಏನಂದೆ?... ಏನನ್ಲಿ! ಹಿಂದ ನಾಕು ಮಂದಿ ನಿಂತಿದ್ರು. ಕುದುರಿಗೆ ಅನ್ನಾಕ ಬಾಯಿ ಬರಲಿಲ್ಲ. "ಪತ್ತಿ" ಅಂದೆ. ಹತ್ತಿಗೆ ಅಂದೆ!

ಆತಂದು ತಪ್ಪಿಲ್ಲ. ನಂದೂ ಇಲ್ಲ! ಹುಳ ಸಾಯ್ತೈತಿ ಅಂದ್ರ ಹೇನು ಸಾಯಂಗಿಲ್ಲೇನು?... ತೊಗೊ, ಬಾಟ್ಲಿ. ಮೇವಿನ ಬುಟ್ಟಿ ಹಿಂದ ಇಟ್ಟಿದ್ದೆ. ನೀನ ಓದು. ನನಗ ಮುಂಜಾನಿಂದ ಅಕ್ಷರ ಮಸಕು ಮಸಕು ಕಾಣಸ್ತಾವ.

ಓದಿದ್ಯಾ? ಈಗ ಗೊತ್ತಾತಲ್ಲ? ಸೂಜಿ ತುಂಬು ಮತ್ತ!

...ಈ ಕಡಿ ಯಾಕ ತಿರುಗಿದಿ? ಆಕಿ ಅಲ್ಲಿ ಅದಾಳ, ಅಲ್ಲಿ! ನನ್ನ ಯಾಕ ನೋಡ್ತಿ?... ಬೆವರು. ಹೂಂ, ಬೆವರು ಬಂದೈತಿ, ಬರಬಾರದೇನು? ಥಂಡಿ ಐತಿ ಅಂದ್ರ?... ಹೌದು, ಥಂಡ್ಯಾಗ ಬೆವರು.

ಕೈ ಬಿಡು! ನಡಗಲಿ. ಚಳಿಗೆ ನಡಗ್ತಾವ...

ಹೆಂಗ ಹಚ್ಚಿದಿ ಅಂದ್ರ?... ಹೂಂ. ಬರಿಗೈಲೇ ತಿಕ್ಕೀನಿ! ನಸಿಕಿನ್ಯಾಗ, ಎರಡು ತಾಸು, ಕಿವಿಯಿಂದ ಬಾಲದ ತನಕ. ಗ್ಲೋಸ್ ಹಾಕ್ಕೊಂಡ್ರ ಆಕಿ ನಿಲ್ತಾಳೇನು? ನನ್ನ ಕೈ ಅಂತ ನಿಂತ್ಲು. ಉರಿಯೋ ತೊಗಲಿನ ಮ್ಯಾಲೆ ಹಾಕೀನಿ, ಒಂದೀಟೂ ಅಲುಗಾಡಲಿಲ್ಲ... ನನ್ನ ನಂಬಿ ನಿಂತ್ಲು ಡಾಕ್ಟ್ರಮ್ಮ.

ಕೈ ತೊಗಲಿನಿಂದ ನನಗೂ ವಿಷ ಏರೈತಾ?... ಆಂಬುಲೆನ್ಸಾ? ಕರಿ. ನೀರು ಸೋಪು ಹೊನ್ನೂರಪ್ಪ ತರ್ತಾನ, ಕರಿ ಅವನ್ನೂ. ಎಲ್ಲಾರನ್ನೂ ಕರಿ! ಹೂವಮ್ಮನ ಕುದುರಿಗೆ ಹೇನು ಅಂತ ಮೈಕ್ ಹಚ್ಚಿ ಹೇಳು, ನನಗೇನು! ಆದ್ರ ಮೊದಲ ಆಕೀಗೆ ಹಾಕು. ನೀ ಸೂಜಿ ಹಾಕಿದ್ದು ನೋಡದ ನಾ ಗಾಡಿ ಹತ್ತಂಗಿಲ್ಲ. ಎಳಕೊಂಡು ಹೋಗ್ತಿ? ಎಳಿ ನೋಡೋಣ!

...ಹಾಂ. ಮುತ್ಯಾಲಿ, ನಿಲ್ಲವ್ವ. ಇದೊಂದು ಸರ್ತಿ ನಿಲ್ಲು.

ಹಾಕಿದಿ? ಪೂರಾ ಹೋತಾ?

ಈಗ ಹಿಡಕೋ ನನ್ನ. ಬೇಗ ಹಿಡಕೋ... ಕಾಲು ನಿಲ್ಲವಲ್ಲವು. ನಿನ್ನ ಗಂಡನಂಗ ಕುದುರಿ ಕಂಡು ಅಂತ ನಗಬ್ಯಾಡ ಮತ್ತ.