ಲೂಸಿಯನ್ ಮಿಶೋನ ಬೀಗ

ಅಧ್ಯಕ್ಷ ಸ್ಥಾನದಲ್ಲಿರುವ ಪ್ರಾಂಶುಪಾಲರಾದ ಶ್ರೀಮತಿ ಕಾರ್ಲೀನ್ ಡುಬೆ ಅವರೇ, ಆಶೀರ್ವಾದ ಮಾಡಲು ಬಂದು ಈಗಾಗಲೇ ಎರಡು ಸಲ ಗಡಿಯಾರ ನೋಡಿಕೊಂಡಿರುವ ಫಾದರ್ ಅಯೋಟ್ ಅವರೇ, ಇಂದು ಕಾರ್ಖಾನೆ ಸುರಕ್ಷತಾ ತರಬೇತಿಯ ಪ್ರಮಾಣಪತ್ರ ಪಡೆಯಲಿರುವ ಹದಿನಾಲ್ಕು ಮಂದಿ ವಿದ್ಯಾರ್ಥಿಗಳೇ, ಅವರ ಮನೆಯವರೇ, ಕಾಗದದ ಮಿಲ್ಲಿನ ನನ್ನ ಹಳೆಯ ಸಂಗಾತಿಗಳೇ, ಸಭಿಕರೇ,

ನಾನು ನಾರ್ಮಂಡ್ ಸಿರ್. ಸ್ಪ್ರೂಸ್ ಲ್ಯಾಂಡಿಂಗಿನಲ್ಲಿ ನಿಂತು ಇದನ್ನು ಹೇಳಬೇಕಾಗಿಲ್ಲ. ಈ ಊರಿನ ಅರ್ಧ ಜನಕ್ಕೆ ನಾನು ಮೇಸ್ತ್ರಿಯಾಗಿದ್ದವನು, ಇನ್ನರ್ಧ ಜನಕ್ಕೆ ನೆಂಟ. ಎರಡೂ ಆಗಿದ್ದವರು ನನ್ನನ್ನು ಕಂಡರೆ ರಸ್ತೆ ದಾಟಿ ಹೋಗುತ್ತಾರೆ.

ಕಷ್ಟವನ್ನೂ ಬದಲಾವಣೆಯನ್ನೂ ನಮ್ಮ ಬೆಳವಣಿಗೆಗೆ ಅವಕಾಶವನ್ನಾಗಿ ಮಾಡಿಕೊಳ್ಳುವುದು ಹೇಗೆ ಎಂಬ ವಿಷಯವಾಗಿ ಮಾತನಾಡಬೇಕೆಂದು ಡುಬೆ ಅವರು ಕೇಳಿದ್ದಾರೆ. ಈ ವಿಷಯದ ಮೇಲೆ ನಾನು ಮೇನ್ ರಾಜ್ಯದ ಉದ್ದಗಲಕ್ಕೂ ಮಾತನಾಡಿದ್ದೇನೆ. ನನ್ನ ಹೆಂಡತಿಗೆ ಈ ಭಾಷಣ ಬಾಯಿಪಾಠವಾಗಿದೆ. "ನಂಗೊತ್ತು ಬಿಡ್ರಿ, ಮಿಲ್ ಮುಚ್ತು, ನೀವು ಬಿದ್ರಿ, ಆಮೇಲೆ ಎದ್ರಿ, ಎಲ್ರೂ ಚಪ್ಪಾಳೆ ಹೊಡೆದ್ರು. ನಾ ಬರಲ್ಲ" ಎಂದು ಆಕೆ ಇವತ್ತು ಮನೆಯಲ್ಲೇ ಉಳಿದಿದ್ದಾಳೆ.

ಮಿಲ್ಲು ಮುಚ್ಚಿದ ದಿನ ನನಗೆ ಐವತ್ತೊಂದು ವರ್ಷ. ಆ ವಯಸ್ಸಿನಲ್ಲಿ ಮನುಷ್ಯನಿಗೆ ಏನು ಗೊತ್ತಿರುತ್ತದೆ? ಗೊತ್ತಿದ್ದದ್ದು ಬೇಡವಾಗಿದೆ ಎಂಬುದಷ್ಟೇ ಗೊತ್ತಿರುತ್ತದೆ. ಮೂವತ್ತು ವರ್ಷ ಕಾಗದದ ತಿರುಳಿನ ವಾಸನೆ ಕುಡಿದವನು ನಾನು. ಹೊಸ ಕೆಲಸದ ತರಬೇತಿಗೆ ಸೇರಿ ಕಂಪ್ಯೂಟರಿನ ಮುಂದೆ ಕೂತಾಗ ಎರಡು ಬೆರಳಿನಲ್ಲಿ ಹೆಸರು ಬರೆಯಲು ಅರ್ಧ ಗಂಟೆ ಹಿಡಿಯಿತು. ಪಕ್ಕದಲ್ಲಿದ್ದ ನಮ್ಮ ಮಿಲ್ಲಿನ ಗಿಲ್ಬರ್ಟ್, "ಮೇಸ್ತ್ರಿ, ನಿಮ್ ಹೆಸ್ರು ಚಿಕ್ಕದು ಅಂತ ಪುಣ್ಯ, ಇಲ್ದಿದ್ರೆ ಕ್ರಿಸ್‌ಮಸ್ ಬಂದ್ಬಿಡೋದು" ಎಂದ. ನಗಬಹುದು ನೀವು. ನಾನೂ ನಕ್ಕಿದ್ದೆ. ಆದರೂ ಕಲಿತೆ. ಪರೀಕ್ಷೆ ಬರೆದೆ. ಸುರಕ್ಷತಾ ಬೋಧಕನಾದೆ. ಬಿದ್ದಲ್ಲಿಂದ ಏಳಬಹುದು ಎಂದು ನಿಮಗೆ ತೋರಿಸಲೆಂದೇ ನನ್ನನ್ನು ಇಲ್ಲಿ ನಿಲ್ಲಿಸಿದ್ದಾರೆ.

ನನ್ನ ನಿಜವಾದ ಪಾಠ ಮಿಲ್ಲು ಮುಚ್ಚುವುದಕ್ಕೆ ಎರಡು ವರ್ಷ ಮೊದಲೇ ಆಗಿತ್ತು. ಹಳೆಯ ಕಾಗದವನ್ನು ನೀರಿನಲ್ಲಿ ಕಲಸಿ ತಿರುಳು ಮಾಡುವ ಬಾನಿ ನಿಮಗೆ ಗೊತ್ತು. ಎರಡಾಳು ಆಳ, ತಳದಲ್ಲಿ ತಿರುಗುವ ಅಲಗು. ಅದರೊಳಗೆ ಇಳಿದು ತೊಳೆಯುವವನು ಮೊದಲು ಸ್ವಿಚ್ಚಿಗೆ ತನ್ನ ಹೆಸರಿನ ಬೀಗ ಹಾಕಬೇಕು. ಕೀಲಿ ಅವನ ಜೇಬಿನಲ್ಲೇ ಇರಬೇಕು. ಅವನು ಹೊರಗೆ ಬಂದು ತಾನೇ ಬೀಗ ತೆಗೆಯುವವರೆಗೆ ದೇವರು ಬಂದರೂ ಯಂತ್ರ ಹೊರಡಬಾರದು. ಹದಿಮೂರು ವರ್ಷದ ಹಿಂದೆ, ಅಕ್ಟೋಬರಿನ ಒಂದು ಮಧ್ಯಾಹ್ನ, ನನ್ನ ಗೆಳೆಯ ಲೂಸಿಯನ್ ಮಿಶೋ ಬೀಗ ಹಾಕದೆ ಇಳಿದ. ನಾನು ಮೂರು ಗಂಟೆಯ ಪಾಳಿಗೆ ಬಂದೆ, ಸ್ವಿಚ್ಚು ಖಾಲಿ ಇತ್ತು, ಗುಂಡಿ ಒತ್ತಿದೆ. ಆ ನೋವಿನಿಂದಲೇ ನಾನು ಬೋಧಕನಾದೆ. ಇಷ್ಟನ್ನು ಎಲ್ಲ ಕಡೆಯೂ ಹೇಳಿದ್ದೇನೆ, ವಿಚಾರಣೆಯಲ್ಲೂ ಹೇಳಿದ್ದೇನೆ.

ಇಂದು ಲೂಸಿಯನ್ನನ ಮಗಳು ಜೊಸೆಟ್ ಈ ಮುಂದಿನ ಸಾಲಿನಲ್ಲಿ ಕುಳಿತಿದ್ದಾಳೆ. ತರಗತಿಗೆ ಮೊದಲಿಗಳಾಗಿ ತೇರ್ಗಡೆಯಾಗಿದ್ದಾಳೆ. ಇವಳ ಅರ್ಜಿಯನ್ನು ಓದಿದವನು ನಾನೇ. ಈ ತರಬೇತಿ ಏಕೆ ಬೇಕು ಎಂಬ ಪ್ರಶ್ನೆಯ ಕೆಳಗೆ ಒಂದೇ ಸಾಲು ಬರೆದಿದ್ದಳು: "ನಮ್ಮ ಅಪ್ಪ ಮಾಡಿದ ತಪ್ಪನ್ನು ಇನ್ಯಾರೂ ಮಾಡಬಾರದು." ಶಾಲೆಯಲ್ಲಿ ಮಕ್ಕಳು ಇವಳನ್ನು ಬೀಗ ಮರೆತವನ ಮಗಳು ಎಂದು ಕರೆಯುತ್ತಿದ್ದರು. ಆ ಮಾತನ್ನು ನುಂಗಿಕೊಂಡು ಬೆಳೆದ ಹುಡುಗಿ ಇವಳು. ಕಷ್ಟವನ್ನು ಅವಕಾಶ ಮಾಡಿಕೊಳ್ಳುವುದೆಂದರೆ ಇದಲ್ಲವೇ?

ಚಪ್ಪಾಳೆ ಹೊಡೆಯಿರಿ, ಇವಳು ಅದಕ್ಕೆ ಅರ್ಹಳು.

ಲೂಸಿಯನ್‌ಗೆ ಇವಳೆಂದರೆ ಪ್ರಾಣ. ಅವನು ಮರೆಗುಳಿ, ಅದು ಊರಿಗೇ ಗೊತ್ತು. ನಮ್ಮಲ್ಲಿ ಕೆಲಸ ಮುಗಿದ ಮೇಲೂ ಸ್ವಿಚ್ಚಿನ ಮೇಲೇ ಬೀಗ ಬಿಟ್ಟು ಮನೆಗೆ ಹೋದವನು ವಾಪಸು ಬಂದು ತೆಗೆದು, ಪಾಳಿಯವರಿಗೆಲ್ಲ ಡೋನಟ್ ಕೊಡಿಸಬೇಕೆಂಬ ಕಟ್ಟಳೆ ಇತ್ತು. ಆ ತಿಂಗಳೊಂದರಲ್ಲೇ ಲೂಸಿಯನ್ ಮೂರು ಸಲ ಕೊಡಿಸಿದ್ದ. "ಲೋ ಲೂಸಿಯನ್, ಇನ್ನೊಂದ್ಸಲ ಮರೀಲೋ, ಚಾಕೊಲೇಟಿಂದು ತಿಂದು ಬಾಳ ದಿನ ಆಯ್ತು" ಎಂದು ಎಲ್ಲರೂ ಕಾಡುತ್ತಿದ್ದರು. ಅದನ್ನು ಕೇಳಿ ಬೇಸರವಾಗಿ ಒಂಬತ್ತು ವರ್ಷದ ಜೊಸೆಟ್ ಏನು ಮಾಡಿದಳು ಗೊತ್ತೇ? ಅಪ್ಪನ ಕಣ್ಣಿಗೆ ಬೀಳಲಿ ಎಂದು ಬೀಗಕ್ಕೆ ಅಮ್ಮನ ಗುಲಾಬಿ ಉಗುರುಬಣ್ಣ ಬಳಿದುಕೊಟ್ಟಳು. ಅಂಚಿಗೆಲ್ಲ ಮೆತ್ತಿಕೊಂಡಿತ್ತು, ಒಂದು ಕಡೆ ಇವಳ ಹೆಬ್ಬೆಟ್ಟಿನ ಗುರುತು ಮೂಡಿತ್ತು, ಮುಟ್ಟಿದರೆ ಇನ್ನೂ ಅಂಟುತ್ತಿತ್ತು.

ಯಾಕಮ್ಮ ಜೊಸೆಟ್, ಹಾಗೆ ನೋಡುತ್ತಿದ್ದೀಯ?

ಹೌದು. ನೀನು ಬಣ್ಣ ಬಳಿದದ್ದು ಅದೇ ದಿನ ಬೆಳಿಗ್ಗೆ, ನಿಮ್ಮಪ್ಪ ಏಳರ ಪಾಳಿಗೆ ಹೊರಡುವ ಮೊದಲು. ನಾನು ಬಂದದ್ದು ಮೂರು ಗಂಟೆಗೆ. ಅಷ್ಟು ಹೊತ್ತಿಗೆ ನಿಮ್ಮಪ್ಪ ಬಾನಿಯ ಒಳಗಿದ್ದ. ಹಾಗಾದರೆ ಆ ಬೀಗವನ್ನು ನಾನು ಮುಟ್ಟಿದ್ದೆಲ್ಲಿ ಎಂದು ತಾನೇ ನೀನು ಕೇಳುತ್ತಿರುವುದು?

ಒಂದು ನಿಮಿಷ ಕ್ಷಮಿಸಬೇಕು. ಡುಬೆ ಅವರೇ, ನೀರು ಬೇಡ. ಈ ಮಾತು ನಾನು ಬರೆದುಕೊಂಡು ಬಂದ ಕಾಗದದಲ್ಲಿ ಇಲ್ಲ. ಹದಿಮೂರು ವರ್ಷ ಎಲ್ಲೂ ಜಾರದ ನಾಲಿಗೆ ಈ ಹುಡುಗಿಯನ್ನು ಹೊಗಳಲು ಹೋಗಿ ಜಾರಿತು. ಇನ್ನು ಅರ್ಧಕ್ಕೆ ನಿಲ್ಲಿಸಿ ಕೆಳಗಿಳಿಯಲು ನನಗೆ ಹಕ್ಕಿಲ್ಲ.

ಸಭಿಕರೇ, ಸ್ವಿಚ್ಚು ಖಾಲಿ ಇರಲಿಲ್ಲ. ಗುಲಾಬಿ ಬಣ್ಣದ ಬೀಗ ಅದರ ಮೇಲಿತ್ತು. ಲೂಸಿಯನ್ ಮತ್ತೆ ಮರೆತು ಮನೆಗೆ ಹೋದನೆಂದುಕೊಂಡೆ. ಕಿಟಕಿಯಿಂದ ನೋಡಿದೆ, ಅವನ ಟ್ರಕ್ಕು ನಿಂತಿರಲಿಲ್ಲ. ಅದು ರಿಪೇರಿಗೆ ಹೋಗಿತ್ತು, ಹೆಂಡತಿ ಕ್ಲೆಮಾನ್ಸ್ ಅವನನ್ನು ತನ್ನ ಕಾರಿನಲ್ಲಿ ಬಿಟ್ಟು ಹೋಗಿದ್ದಳು ಎಂಬುದು ಆಮೇಲೆ ತಿಳಿಯಿತು. ಬೀಗ ಉಳಿದಿದ್ದರೆ ಮನೆಗೆ ಫೋನ್ ಮಾಡಬೇಕು, ಬಾನಿಯೊಳಗೆ ದೀಪ ಬಿಟ್ಟು ನೋಡಬೇಕು, ಇಬ್ಬರು ಸಹಿ ಹಾಕಬೇಕು. ನಾನು ಮೂರನ್ನೂ ಮಾಡಲಿಲ್ಲ. ಅವನು ಇಪ್ಪತ್ತು ಮೈಲಿ ವಾಪಸು ಬಂದು ಮತ್ತೆ ನಗೆಗೀಡಾಗುವುದು ಬೇಡ, ಪಾಪ, ಎಂದುಕೊಂಡೆ. ಅದು ನಿಜ. ಮೇಲಿನ ಯಂತ್ರಕ್ಕೆ ತಿರುಳು ಸಾಲದೆ ಆಫೀಸಿನಿಂದ ಎರಡು ಸಲ ಬೈಸಿಕೊಂಡಿದ್ದೆ. ಅದೂ ನಿಜ. ಯಾವುದು ಹೆಚ್ಚು ನಿಜ? ಹದಿಮೂರು ವರ್ಷದಿಂದ ಕೇಳಿಕೊಳ್ಳುತ್ತಿದ್ದೇನೆ. ದೊಡ್ಡ ಕತ್ತರಿ ತಂದು ಬೀಗ ಕತ್ತರಿಸಿದೆ. ಗುಂಡಿ ಒತ್ತಿದೆ.

ಕತ್ತರಿಸಿದ ಬೀಗವನ್ನು ಊಟದ ಡಬ್ಬಿಗೆ ಹಾಕಿಕೊಂಡೆ. ಮರುದಿನ ಸೇತುವೆಯ ಮೇಲಿಂದ ಹೊಳೆಗೆ ಎಸೆದೆ. ವಿಚಾರಣೆಯವರು ಬೀಗ ಹುಡುಕಿದರು, ಸಿಗಲಿಲ್ಲ. ಮರೆಗುಳಿ, ಬೀಗವನ್ನೇ ಕಳೆದುಕೊಂಡಿದ್ದಾನೆ ಎಂದು ಎಲ್ಲರೂ ಹೇಳಿದರು. ನಾನು ಹೌದೆಂದೆ.

ಮಣ್ಣು ಮಾಡಿ ಬಂದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಊಟವಿತ್ತು. ಕ್ಲೆಮಾನ್ಸ್ ಬಂದು ನನ್ನ ಕೈ ಹಿಡಿದುಕೊಂಡಳು. "ನಾರ್ಮಂಡಣ್ಣ, ನಮ್ಮೋರು ನಿಮಗೆ ಎಂಥ ನೋವು ಕೊಟ್ಬಿಟ್ರು. ನೀವೇನು ಮಾಡೋಕಾಗ್ತಿತ್ತು? ಅವರನ್ನ ಕ್ಷಮಿಸಿಬಿಡಿ" ಎಂದಳು. ಗಂಡನನ್ನು ಕಳೆದುಕೊಂಡವಳು ನನ್ನಲ್ಲಿ ಕ್ಷಮೆ ಕೇಳಿದಳು. ನಾನು ಏನೆಂದೆ? "ಆಯ್ತು ತಂಗಿ, ಅದನ್ನೆಲ್ಲ ಮನಸ್ಸಿಗೆ ಹಚ್ಕೋಬೇಡ" ಎಂದೆ. ಅಂದಿನಿಂದ ಪ್ರತಿ ಕ್ರಿಸ್‌ಮಸ್ಸಿಗೂ ಹಂದಿಮಾಂಸದ ಪೈ ಮಾಡಿ ನಮ್ಮ ಮನೆಗೆ ಕಳಿಸುತ್ತಿದ್ದಳು. ತರುತ್ತಿದ್ದವಳು ಜೊಸೆಟ್. "ಅಂಕಲ್, ಅಮ್ಮ ಬಿಸಿಬಿಸಿ ಇರುವಾಗ್ಲೇ ತಿನ್ನಿ ಅಂದ್ಳು" ಎನ್ನುತ್ತಿದ್ದಳು. ನಾನು ತಿನ್ನುತ್ತಿದ್ದೆ. ಎರಡು ವರ್ಷದ ಹಿಂದೆ ಕ್ಲೆಮಾನ್ಸ್ ತೀರಿಕೊಂಡಳು, ಗಂಡನದೇ ತಪ್ಪು ಎಂದು ನಂಬಿಕೊಂಡೇ ತೀರಿಕೊಂಡಳು. ಇನ್ನು ಅವಳಿಗೆ ಹೇಳುವಂತಿಲ್ಲ.

ಕಷ್ಟ ಮತ್ತು ಅವಕಾಶದ ಬಗ್ಗೆ ಮಾತನಾಡಲು ಕರೆದಿರಿ. ಕಷ್ಟ ಲೂಸಿಯನ್ನನದು, ಕಷ್ಟ ಕ್ಲೆಮಾನ್ಸಳದು, ಕಷ್ಟ ಈ ಹುಡುಗಿಯದು. ಅವಕಾಶ ಮಾತ್ರ ನನ್ನದಾಯಿತು. ನನಗೆ ಫಲಕ, ಹೂಗುಚ್ಛ ಕೊಟ್ಟಿರಿ. ನಾನು ಬೆಳೆದೆ. ಸತ್ತವನ ಹೆಸರಿನ ಮೇಲೆ ಕಾಲಿಟ್ಟು ಬೆಳೆದೆ.

ಗಿಲ್ಬರ್ಟ್, ಎದ್ದು ನಿಂತಿದ್ದೀಯ, ಗೊತ್ತು. ನಾನೆಲ್ಲೂ ಓಡಿಹೋಗುವುದಿಲ್ಲ. ಇಲ್ಲಿಂದ ಇಳಿದ ಮೇಲೆ ಮೊದಲು ಪೊಲೀಸ್ ಠಾಣೆಗೆ ಹೋಗಿ ಇದನ್ನೇ ಬರೆದುಕೊಡುತ್ತೇನೆ. ಬೀಗ ಹೊಳೆ ಪಾಲಾಗಿದೆ, ಸಾಕ್ಷಿಗೆ ನನ್ನ ಬಾಯಿ ಬಿಟ್ಟು ಬೇರೇನೂ ಇಲ್ಲ. ಅದಕ್ಕೇ ಇಷ್ಟು ಜನರ ಎದುರಿಗೆ ಹೇಳಿದ್ದು ಒಳ್ಳೆಯದೇ ಆಯಿತು. ನಾಳೆ ನಾನು ಮಾತು ಬದಲಿಸಿದರೆ ನೀವೆಲ್ಲ ಇದ್ದೀರಿ.

ಪ್ರಮಾಣಪತ್ರಗಳನ್ನು ನನ್ನ ಕೈಯಿಂದ ಕೊಡಿಸಬೇಕೆಂದು ಕಾರ್ಯಕ್ರಮ ಪಟ್ಟಿಯಲ್ಲಿದೆ. ಡುಬೆ ಅವರು ದಯವಿಟ್ಟು ತಾವೇ ಕೊಡಬೇಕು. ನನ್ನನ್ನು ಕರೆದವರಿಗೆ ವಂದನೆಗಳು. ಬಾಗಿಲಿಗೆ ಹೋಗದೆ ಕೊನೆಯವರೆಗೆ ಕುಳಿತು ಕೇಳಿದವರಿಗೂ ವಂದನೆಗಳು. ಯಾರೂ ಚಪ್ಪಾಳೆ ಹೊಡೆಯಬೇಡಿ.

ಜೊಸೆಟ್, ಆ ಅರ್ಜಿಯಲ್ಲಿ ನೀನು ಬರೆದ ಸಾಲು ಸುಳ್ಳು. ಓದಿದ ದಿನವೇ ನಾನದನ್ನು ಹೊಡೆದುಹಾಕಬೇಕಿತ್ತು. ನಿಮ್ಮಪ್ಪ ಆ ದಿನ ಏನನ್ನೂ ಮರೆತಿರಲಿಲ್ಲ. ನಿಮ್ಮಪ್ಪ ಬೀಗ ಹಾಕಿದ್ದ.

ನಮಸ್ಕಾರ.