ಗೊರೇಬಾಳದ ಡಬ್ಬಿ, ಮಸ್ಕಿ ಟಿವಿ

ದನಿ ಸಣ್ಣ ಮಾಡ್ರಿ, ಹೇಳ್ತೀನಿ... ಜಬೀವುಲ್ಲಾ ಅಂತ ಒಬ್ಬ ಮಹಾ ಶಾಣ್ಯಾ ಅದಾನ. ನಮ್ಮ ಖಾಲಾ, ಅಂದ್ರ ಅವ್ವನ ತಂಗಿ, ಹುಸೇನ್‌ಬೀ ಮಗಳು ನಗ್ಮಾ ಅದಾಳಲ್ಲ, ಆಕಿ ಗಂಡ. ಆ ರಾತ್ರಿ ಗೊರೇಬಾಳ ಕ್ರಾಸಿನಾಗ ಆಟೋ ಇಳಿದು, ಆಲದಮರದ ಬುಡಕಿರೋ ಹಾಳಬಾವಿ ದಾಟಿ ಒಬ್ಬನೇ ನಡಕೋತ ಬಂದ. ಹನ್ನೊಂದಾಗಿತ್ತು. ಬಾವಿಯೊಳಗ ಏನೋ 'ಗುಳುಕ್' ಅಂತು... ಇವನಿಗೆ ಅದರ ಖಬರಿಲ್ಲ. ತಲ್ಯಾಗ ಇದ್ದದ್ದು ಒಂದೇ, ಮಸ್ಕಿಯೊಳಗ ತನ್ನ ಮನಿ ಟಿವಿ ಯಾಕ ನಿಂತು ನಿಂತು ಬರಾಕತ್ತೈತಿ?

ಖಾಲಾ ಸಾಯೋ ಮುಂದ ಒಂದೇ ಮಾತು ಕೇಳಿದ್ಳು. ಗೊರೇಬಾಳದ ಮನ್ಯಾಗ ತಾನು ಮಲಗಿದ ಕೋಣ್ಯಾಗ ನಲವತ್ತು ದಿನ ಸಂಜಿಗೆ ದೀಪ ಹಚ್ಚಬೇಕು ಅಂತ. ನಗ್ಮಾ ಮಸ್ಕಿಯೊಳಗ ಹಸಿ ಬಾಣಂತಿ, ಬರಾಕ ಆಗಂಗಿಲ್ಲ. ನಾ ಹಚ್ಚತೀನಿ ಅಂತ ಇವ ಮಾತು ಕೊಟ್ಟ. ಹತ್ತನೇ ದಿನಕ್ಕ ಮನಿಗೆ ಕೀಲಿ ಜಡದು ಮಸ್ಕಿಗೆ ಹೋದ.

ಆ ಕೋಣ್ಯಾಗ ಇಂಟರ್ನೆಟ್ ಡಬ್ಬಿ ಮಾತ್ರ ಚಾಲೂ ಬಿಟ್ಟಿದ್ದ. ಖಾಲಾನ ಟಿವಿ ಚಂದಾ ಒಂದೇ ಮನಿಗೆ ನಡಿತದ. ಅದಕ್ಕ ಆ ಡಬ್ಬಿ ಮೂಲಕ ವಿಪಿಎನ್ ಹಾಕಿ, ಮಸ್ಕಿ ಟಿವಿನೂ ಗೊರೇಬಾಳದ ಮನ್ಯಾಗೇ ಐತಿ ಅಂತ ಕಂಪನಿಗೆ ಟೋಪಿ ಹಾಕೋದು. ಕೀಲಿ ಕೊಡು, ಅದೇ ಓಣ್ಯಾಗ ಅದೀನಿ, ನಾನೇ ದೀಪ ಹಚ್ಚತೀನಿ ಅಂದೆ. ಬ್ಯಾಡ, ಡಬ್ಬಿ ನಾಜೂಕು ಐತಿ, ಅದರ ಹಸಿರು ಲೈಟು ಉರಿಯಾಕತ್ತೈತಲ್ಲ, ಅದೇ ದೀಪ ಅಂದ. ಥೂ ಇವನ! ಹೆಂಡ್ತಿಗೆ, ನಿಮ್ಮಣ್ಣ ದಿನಾ ಹಚ್ಚಾಕತ್ತಾನ ಅಂತ ನನ್ನ ಹೆಸರು ಹೇಳಿ ಸುಳ್ಳು ಬಿಟ್ಟ.

ಒಂದು ವಾರ ಆತು... ಸಂಜಿ ಮಗ್ರಿಬ್ ನಮಾಜಿನ ಹೊತ್ತಾತಂದ್ರ ಮಸ್ಕಿ ಟಿವಿ ಗಕ್ಕನ ನಿಲ್ಲೋದು. ಚಕ್ರ ಗಿರಗಿರ ತಿರುಗೋದು. ತಾಸಿನ ಮ್ಯಾಲೆ ತಾನೇ ಬರೋದು. ಟಿವಿಗೆ ಚುಚ್ಚಿದ ಇಂಟರ್ನೆಟ್ ಕಡ್ಡಿ ಕಿತ್ತು ಹಾಕಿದ, ಪಾಸ್‌ವರ್ಡ್ ಬದಲು ಮಾಡಿದ. ಉಹೂಂ. ಆ ದಿನ ಸಂಜಿಗೆ ನಿಂತದ್ದು ಮತ್ತ ಬರಲೇ ಇಲ್ಲ. ಕಡೀಕ ಗೊರೇಬಾಳದ ಡಬ್ಬಿನೇ ಕೆಟ್ಟೈತಿ ಅಂತ, ಹೊಸಾದು ಬಗಲಾಗ ಹಿಡಕೊಂಡು ಬಂದಿದ್ದ. ದೀಪಕ್ಕ ಒಂದು ಬಟ್ಟಲ ಎಣ್ಣಿ ತರಬೇಕಂತ ಮಾತ್ರ ಹೊಳೀಲಿಲ್ಲ ನೋಡ್ರಿ.

ಕೀಲಿ 'ಕಟಕ್' ಅಂತು. ಬಾಗಿಲು 'ಕಿರ್ರ್'... ಸ್ವಿಚ್ ಒತ್ತಿದ, ಕರೆಂಟಿಲ್ಲ. ಡಬ್ಬಿ ಮುಟ್ಟಿದ. ತಣ್ಣಗ. ಕಂಬದ ವೈರು ಗಾಳಿಗೆ ಹರಿದು ಎಂಟು ದಿನ ಆಗಿತ್ತು. ಓಣಿಗೆಲ್ಲ ಗೊತ್ತು, ಶಾಣ್ಯಾಗ ಗೊತ್ತಿಲ್ಲ. ಎಂಟು ದಿನ ಸತ್ತ ಡಬ್ಬಿಯಿಂದ ಇವ ಮಸ್ಕಿಯೊಳಗ ಟಿವಿ ನೋಡ್ಯಾನ...

ಆಗ ಫೋನು 'ಗುರ್ರ್' ಅಂತು. ನಗ್ಮಾ. ಪಿಸುದನಿ.

"ಟಿವಿ ಬಂತ್ರೀ..."

"ಏನ್ ಬರಾಕತ್ತೈತಿ?"

"ಕತ್ತಲು ಕೋಣಿ. ನೀವು ಬೆನ್ನು ಮಾಡಿ ನಿಂತೀರಿ. ಕಿವಿಗೆ ಫೋನ್ ಹಿಡಿದೀರಿ."

ಅವ ತಿರುಗಲಿಲ್ಲ. ಹಿಂದ ಹಗ್ಗ ಜಗ್ಗಿದಂಗ 'ಕರಕರ' ಸಪ್ಪಳ... ಕ್ಯಾಮೆರಾ ಗೀಮೆರಾ ಆ ಮನ್ಯಾಗ ಎಂದೂ ಇದ್ದಿಲ್ಲ.

"ಅಣ್ಣ ಹಚ್ಚಾಕತ್ತಾನ ಅಂದಿದ್ರಿ," ಅಂದ್ಳು ನಗ್ಮಾ. "ದೀಪ ಎಲ್ಲೈತ್ರೀ?"

ಬರಿಗಾಲಲ್ಲಿ ಓಡಿಬಂದು ನನ್ನ ಬಾಗಿಲು ಬಡಿದ. ಎಣ್ಣಿ ತಗೊಂಡು ಹೋಗಿ ನಾನೇ ಹಚ್ಚಿದೆ. ಉಳಿದ ದಿನ ಅವನ ಕೈಲೇ ಹಚ್ಚಿಸಿದೆ, ಅಂಜುಬುರಕ ಹೇತಲಾಂಡಿ, ನಾ ಬಾಜೂಕ ನಿಂತ್ರ ಮಾತ್ರ ಹಚ್ಚತಿದ್ದ. ನಗ್ಮಾ ಇವತ್ತಿಗೂ ಅವನ ಕೂಡ ಮಾತಾಡಂಗಿಲ್ಲ.

ನಂಬ್ರಿ, ಬಿಡ್ರಿ, ನಡೆದದ್ದು ನಡೆದದ. ಟಿವಿಯೊಳಗ ಅವನ ಬೆನ್ನು ತಳಗಿನಿಂದ ಕಂಡಿತ್ತಂತ... ಹಗ್ಗ ಹೆಣೆದ ಹೊರಸಿನ ಮ್ಯಾಲೆ ಮಲಕೊಂಡವರು ನೋಡಿದಂಗ. ನಗ್ಮಾನೇ ನನಗ ಹೇಳ್ಯಾಳ. ಖಾಲಾನ ಹೊರಸು ಆ ಕೋಣ್ಯಾಗ ಇರಲಿಲ್ಲ. ಮಣ್ಣು ಮಾಡಿದ ಮೂರನೇ ದಿನಕ್ಕ, ನಾನೇ ಆಟೋದಾಗ ಹಾಕಿ ಮಸೂತಿಗೆ ಕೊಟ್ಟು ಬಂದಿದ್ದೆ.